ಮುಳ್ಳು ತೂರದ ಟೈರು

೧೨ ನವೆಂಬರ್ ೨೦೦೬, ಭಾನುವಾರ

ಸೈಕಲ್ಲು ಪಂಕ್ಚರ್ ಆದರೆ ನನಗೆ ಖುಷಿಯಾಗುತ್ತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ. ಕೆಲಸಕ್ಕೆ ಹೋಗುವ ಕಾಪಸ್‌ಹೇಡಾ ರಸ್ತೆಯಲ್ಲಿ ಜಾಲಿಮುಳ್ಳು ಚುಚ್ಚಿದಾಗೆಲ್ಲ ಅಪ್ಪ ದ್ವಾರಕಾದ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಪಂಪು, ಪ್ಯಾಚು ತರುತ್ತಿದ್ದರು. ನಾನು ಸ್ಕೂಲು ಅರ್ಧಕ್ಕೆ ಬಿಟ್ಟ ಮೇಲೆ ನಾವಿಬ್ಬರೂ ಜಗಳವಿಲ್ಲದೆ ಮಾತಾಡಿದ್ದು ಆ ರಸ್ತೆಬದಿಯಲ್ಲೇ.

ಇವತ್ತು ಅಂಗಡಿಯಲ್ಲಿ ನಾನು ಹಗುರವಾದ ಟೈರು ಎತ್ತಿಕೊಂಡೆ. ಅಪ್ಪ ಮುಳ್ಳು ತೂರದ ದಪ್ಪ ಟೈರನ್ನೇ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದರು.

"ಎಮ್ಮೆ ಥರ ಭಾರ ಅಪ್ಪಾ ಅದು!"

"ಇರ್ಲಿ. ಪ್ರತಿ ಸಲ ಮಾನೇಸರ್‌ವರೆಗೂ ನಾನು ಬರಕ್ಕಾಗತ್ತೇನೋ?"

"ನೀನು ಬರ್ತೀಯ ಅಂತಾನೇ ನಂಗೆ ಪಂಕ್ಚರ್ ಇಷ್ಟ" ಅಂದುಬಿಟ್ಟೆ.

ಅಪ್ಪ ಟೈರಿನಿಂದ ಕಣ್ಣೆತ್ತಲಿಲ್ಲ. "ಭಯ್ಯಾ, ಯಹೀ ದೇ ದೋ" ಎಂದು ದಪ್ಪ ಟೈರನ್ನೇ ಅಂಗಡಿಯವನ ಕಡೆ ತಳ್ಳಿದರು. ದುಡ್ಡು ಎಣಿಸುತ್ತಾ, "ಮುಂದಿನ ಭಾನುವಾರ ಗಾಳಿ ನೋಡೋಕೆ ಬರ್ತೀನಿ, ಕತ್ತೆ" ಎಂದರು.

ಮಾನೇಸರ್‌ನಲ್ಲಿ ಫ್ಯಾಕ್ಟರಿ ಹತ್ತಿರ ನನಗೆ ರೂಮು ಸಿಕ್ಕಿದೆ. ನಾಳೆ ಬೆಳಿಗ್ಗೆ ಹೊರಡುತ್ತೇನೆ.