ಮೇಳದ ದಿನ ಕಟ್ಟಿದ ಮುದ್ದೆ

ಹಾಸ್ಟೆಲ್, ನಂಜನಗೂಡು
ಶುಕ್ರವಾರ, ೧೪ ಮಾರ್ಚ್ ೨೦೨೫

ಪ್ರೀತಿಯ ಅವ್ವಾ,

ಮಂಡಿನೋವು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀಯೋ, ಬಾಟ್ಲಿಯನ್ನು ಗೂಡಿನಲ್ಲಿಟ್ಟು ಕೈಮುಗಿಯುತ್ತಿದ್ದೀಯೋ? ಬೀಡಿ ಬಿಟ್ಟೆ ಅಂತ ಅಪ್ಪ ಹೇಳಿದರೆ ನಂಬಬೇಡ. ಫೋನಿನಲ್ಲಾದರೆ ನೀನು ಅಳುತ್ತೀಯ, ನಿನ್ನ ದನಿ ಕೇಳಿ ನಾನೂ ಅಳುತ್ತೇನೆ, ವಿಷಯ ಅಲ್ಲೇ ಉಳಿಯುತ್ತದೆ. ಅದಕ್ಕೇ ಬನ್ನೂರಿಗೆ ಹೊರಟ ರಾಚಯ್ಯ ಮಾವನ ಕೈಲಿ ಈ ಕಾಗದ. ನಾಗೇಂದ್ರಾ, ಒಂದಕ್ಷರ ನುಂಗದೆ ಅವ್ವನಿಗೆ ಓದಿ ಹೇಳು, ತಮ್ಮಾ.

ಈ ಕಾಲೇಜು ಬೇಡ, ಸೋಮವಾರ ಬಂದು ಟಿ.ಸಿ. ತೆಗೆಸು ಅಂತ ಹಟ ಹಿಡಿದವಳು ನಾನೇ. ಯಾಕೆ ಅಂತ ಹೇಳಿರಲಿಲ್ಲ. ಇಲ್ಲಿ ನನ್ನನ್ನು ಯಾರೂ ಒಂದು ಮಾತು ಅಂದಿಲ್ಲ ಅವ್ವಾ. ಆದರೆ ಸೇರಿದ ದಿನ ನೀನು, "ಅವರ ಬುತ್ತಿಗೆ ಕೈ ಆಕ್ಬೇಡ ಕಣವ್ವ, ಮರ್ಯಾದೆ ಉಳಿಸ್ಕೊ" ಅಂದಿದ್ದೆಯಲ್ಲ, ಆ ಮಾತೂ ನನ್ನ ಜೊತೆಗೇ ಬಸ್ಸು ಹತ್ತಿತ್ತು. ವರ್ಷವೆಲ್ಲ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಉಂಡೆ. ಆಮೇಲಾಮೇಲೆ ಓದೂ ಬೇಡವಾಯಿತು.

ಬುಧವಾರ ಕಾಲೇಜು ಹಬ್ಬ. ಆಹಾರ ಮೇಳಕ್ಕೆ ಚೀಟಿ ಎತ್ತಿ ಜೋಡಿ ಮಾಡಿದರು. ನನಗೆ ಸಿಕ್ಕವಳು ರಂಜಿನಿ, ಪೇಟೆಯ ಅಕ್ಕಿ ಮಂಡಿಯವರ ಮಗಳು, ಕೊರಳಲ್ಲಿ ಲಿಂಗ ಕಟ್ಟುವ ಮನೆಯವಳು. ನಮ್ಮದು ಮುದ್ದೆ, ಸೊಪ್ಪಿನ ಉಪ್ಸಾರು. ಹಿಟ್ಟು ತೊಳಸುವವರೆಗೆ ನಾನು ಹುಲಿ. ಮುದ್ದೆ ಕಟ್ಟುವ ಹೊತ್ತಿಗೆ ಕೈ ಮುಂದೆ ಹೋಗಲಿಲ್ಲ. ಕೈ ಅದ್ದುವ ನೀರನ್ನು ಅವಳತ್ತ ತಳ್ಳಿ ದೂರ ನಿಂತೆ. ಪಾಪ, ಕಟ್ಟಲು ಬಾರದೆ ಬೆರಳು ಸುಟ್ಟುಕೊಂಡಳು. ಎದುರಿಗೆ ಜನ ತಟ್ಟೆ ಹಿಡಿದು ನಿಂತಿದ್ದಾರೆ. ಯಾಕೆ ಸುಮ್ಮನೆ ನಿಂತೆ ಅಂತ ಗದರಿದಳು. ನಾವು ಯಾವ ಬೀದಿಯವರು ಅಂತ ನಿನಗೆ ಗೊತ್ತಲ್ಲ ಅಂದೆ. ನೀರಿನ ಪಾತ್ರೆಯನ್ನು ಮತ್ತೆ ನನ್ನತ್ತಲೇ ತಳ್ಳಿದಳು.

"ಗೊತ್ತು ಕಣೇ. ಈಗ ಮುದ್ದೆ ಕಟ್ಟು. ಮೊದಲ್ನೇದು ನಂಗೆ."

ಕಟ್ಟಿದೆ. ಎಲ್ಲರೆದುರಿಗೇ ಉಂಡಳು. ಅನ್ನ ಉಂಡು ಬೆಳೆದವಳು, ನುಂಗುವುದನ್ನು ಬಿಟ್ಟು ಅಗಿದು ಹಲ್ಲಿಗೆಲ್ಲ ಮೆತ್ತಿಕೊಂಡಳು. ನಕ್ಕೂ ನಕ್ಕೂ ನನಗೆ ಹೊಟ್ಟೆನೋವು ಬಂತು. ಇಬ್ಬರು ಕೂಪನ್ ಕೊಂಡವರು ಉಪವಾಸ ಅಂತ ನೆಪ ಹೇಳಿ ಹೋದರು, ಅದನ್ನೂ ನೋಡಿದೆ. ಒಂದು ದಿನದ ಹಬ್ಬದಿಂದ ಎಲ್ಲ ಸರಿಹೋಯಿತು ಅಂತ ನಾನು ಅನ್ನುವುದಿಲ್ಲ. ಆದರೆ ವರ್ಷವಿಡೀ ಒಂದೇ ತರಗತಿಯಲ್ಲಿ ಕೂತು ಆಗದ ಗೆಳೆತನ ಒಂದೇ ಒಲೆಯ ಮುಂದೆ ಬೆವರಿದ್ದಕ್ಕೆ ಆಯಿತು. ನಿನ್ನೆ ಮಧ್ಯಾಹ್ನ ರಂಜಿನಿ ಬುತ್ತಿ ಹಿಡಿದು ಮೆಟ್ಟಿಲಿಗೇ ಬಂದು ಕೂತಳು. ತುಂಬಾ ಖುಷಿಯಾಯಿತು ಅವ್ವಾ.

ಅಪ್ಪನಿಗೆ ನಮಸ್ಕಾರ, ನಾಗೇಂದ್ರನ ತಲೆಗೊಂದು ಮೊಟಕು.

ನಿನ್ನ ಮಗಳು,
ಬಿಂದುಶ್ರೀ

ಬಸ್ಸಿಗೆ ಹೊತ್ತಾಯಿತು ಅಂತ ಮಾವ ಗೇಟಿನಲ್ಲಿ ಕೂಗುತ್ತಿದ್ದಾರೆ, ಮುಖ್ಯವಾದದ್ದನ್ನೇ ಮರೆತಿದ್ದೆ: ಸೋಮವಾರ ನೀನು ಬರಬೇಡ, ಟಿ.ಸಿ. ಬೇಡ. ಭಾನುವಾರ ನಾನೇ ಬರುತ್ತೇನೆ, ಜೊತೆಗೆ ರಂಜಿನಿ. ಸ್ತ್ರೀಶಕ್ತಿ ಸಂಘದ ಮೇಡಂ ಬಂದಾಗ ಮಾಡುವ ಹಾಗೆ ಜಗಲಿಯಲ್ಲೇ ಕೂರಿಸಿ, ಅಂಗಡಿಯಿಂದ ಬಿಸ್ಕೆಟ್ ಪೊಟ್ಟಣ, ಸೀಲ್ ಒಡೆಯದ ನೀರಿನ ಬಾಟ್ಲಿ ತರಿಸಿ ಕೊಡಬೇಡ. ಒಳಗೆ ಕರಿ. ಮುದ್ದೆ ನೀನೇ ಕಟ್ಟಿ ಬಡಿಸು. ದೂರ ನಿಲ್ಲಬೇಡ ಅವ್ವಾ.