ಟೈಸ್ಟಿ ಮಾರಿದ ಚಿಕ್ಕಪ್ಪನಿಗೆ

ಅಬರ್ಡೀನ್,
ಮಾರ್ಚ್ ೧೪, ಗುರುವಾರ

ಪ್ರೀತಿಯ ಹೇಮಿಷ್ ಚಿಕ್ಕಪ್ಪನವರಿಗೆ,

ಹೇಗಿದ್ದೀರಿ? ಪೋರ್ಚುಗಲ್ಲಿನ ಬಿಸಿಲಿಗೆ ಮೊಣಕಾಲು ನೋವು ಕಡಿಮೆಯಾಯಿತೇ? ನಾವು ಕ್ಷೇಮ. ಅಮ್ಮನ ಬೆರಳುಗಳು ಮಾತ್ರ ಚಳಿಗೆ ಸೆಟೆದುಕೊಳ್ಳುತ್ತವೆ. ಮೀನಿನ ಕಾರ್ಖಾನೆಯಲ್ಲಿ ಮಂಜುಗಡ್ಡೆಯ ನಡುವೆ ವರ್ಷಗಟ್ಟಲೆ ಮೀನು ಸೀಳಿದ ಕೈಯಲ್ಲವೇ. ಆದರೂ ಭಾನುವಾರದ ಸೂಪ್ ಅವಳೇ ಮಾಡಬೇಕು, ಬೇರೆ ಯಾರೂ ಸೌಟು ಮುಟ್ಟುವಂತಿಲ್ಲ.

ಅಪ್ಪನ ಅಂತ್ಯಕ್ರಿಯೆಗೂ ಬಾರದಿದ್ದ ನೀವು ಬರೆದ ಕಾಗದ ಮೊನ್ನೆ ಬಂತು. ಮುಚ್ಚಿಡುವುದೇಕೆ, ಓದಿ ತುಂಬಾ ಸಂತೋಷಪಟ್ಟೆ. ನಿಮ್ಮಿಂದ ಟೈಸ್ಟಿ ಎಂಬ ಸಮುದ್ರದ ತೈಲ ಪ್ಲಾಟ್‌ಫಾರ್ಮ್ ಕೊಂಡ ಕಂಪನಿ ದಿವಾಳಿಯಾಗಿದೆ. ಅದರ ತೈಲಬಾವಿಗಳನ್ನು ಮುಚ್ಚಿ, ಕಬ್ಬಿಣವನ್ನೆಲ್ಲ ಬಿಚ್ಚಿ ದಡಕ್ಕೆ ತರುವ ಖರ್ಚನ್ನು ಸರ್ಕಾರ ನಿಮ್ಮ ತಲೆಗೆ ಕಟ್ಟಿದೆ. ‘ಮಾರಿ ಎಷ್ಟೋ ವರ್ಷ ಆಯ್ತಲ್ಲ, ಈಗ್ಯಾಕೆ ನನ್ನ ಕುತ್ತಿಗೆಗೆ?’ ಎಂದು ಕೇಳಿದ್ದೀರಿ. ಕಾನೂನು ಹಾಗೇ ಇದೆ, ಚಿಕ್ಕಪ್ಪ. ಸಮುದ್ರದಿಂದ ಎಣ್ಣೆ ತೆಗೆದು ಉಂಡವನು, ಮಾರಿದ ಮಾತ್ರಕ್ಕೆ ಕೈ ತೊಳೆದುಕೊಳ್ಳುವಂತಿಲ್ಲ. ಕೊಂಡವನ ಜೇಬು ಬರಿದಾದರೆ ಮಾರಿದವನ ಬಾಗಿಲನ್ನೇ ತಟ್ಟುತ್ತಾರೆ. ಅಪ್ಪನಿಗೆ ಇದು ಗೊತ್ತಿತ್ತು. ಕೊಳ್ಳುವವನು ಬಿಚ್ಚುವ ಖರ್ಚನ್ನು ವರ್ಷವರ್ಷ ಮೂರನೆಯವರ ಬಳಿ ಇಡಬೇಕು, ಇಲ್ಲದಿದ್ದರೆ ಮಾರುವುದೇ ಬೇಡ ಎಂದು ಹಟ ಹಿಡಿದಿದ್ದರು. ಆ ಷರತ್ತು ಬಿಟ್ಟರೆ ಬೆಲೆ ಹೆಚ್ಚು ಸಿಗುತ್ತದೆಂದು ನೀವು ನಕ್ಕಿರಿ: ‘ಅಣ್ಣ, ನೀನು ಮದುವೆ ಮನೇಲೂ ಶವಪೆಟ್ಟಿಗೆ ಅಳತೆ ತಗೊಳ್ಳೋನು ಕಣೋ!’

ಆಮೇಲೆ ಅಪ್ಪ ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ್ದಾಗ ಸಭೆ ಕರೆದು ಅವರನ್ನು ನಿಮ್ಮಿಬ್ಬರ ಕಂಪನಿಯಿಂದ ಹೊರಗೆ ಹಾಕಿದಿರಿ. ಷರತ್ತು ಕಿತ್ತುಹಾಕಿ ಟೈಸ್ಟಿ ಮಾರಿದಿರಿ. ನಾವಿದ್ದ ಮನೆ ಕಂಪನಿಯ ಹೆಸರಿನಲ್ಲಿತ್ತು. ಅಪ್ಪನ ಹಾಸಿಗೆಯ ಪಕ್ಕದಲ್ಲೇ ಅಮ್ಮನಿಗೆ ಹೇಳಿದಿರಿ: ‘ವ್ಯವಹಾರ ಬೇರೆ, ನೆಂಟಸ್ತನ ಬೇರೆ, ಅತ್ತಿಗೆ. ಮನೆ ಬೇಕಿದ್ರೆ ಪೂರ್ತಿ ಬೆಲೆ ಕೊಟ್ಟು ಬರೆಸ್ಕೊಳ್ಳಿ.’ ಅಮ್ಮ ಮದುವೆಯ ಉಂಗುರ ಮಾರಿದಳು, ಸಾಲ ಮಾಡಿದಳು, ಕಾರ್ಖಾನೆ ಸೇರಿದಳು, ಬರೆಸಿಕೊಂಡಳು.

ಅದಕ್ಕಾಗಿ ಈಗ ನಿಮಗೆ ಕೃತಜ್ಞತೆ ಹೇಳಬೇಕು. ತೆರಿಗೆ ಉಳಿಸಲು ವಿಲ್ಲಾ, ದೋಣಿ, ಎಲ್ಲವನ್ನೂ ಅದೇ ಕಂಪನಿಯ ಹೆಸರಿನಲ್ಲಿಟ್ಟಿದ್ದೀರಿ. ಎಲ್ಲವೂ ಟೈಸ್ಟಿ ಬಿಚ್ಚುವ ಖರ್ಚಿಗೆ ಹೋಗುತ್ತದೆ. ಅಂದು ನೀವು ಚೂರು ದಯೆ ತೋರಿಸಿ, ‘ಇರಲಿ ಬಿಡಿ ಅತ್ತಿಗೆ’ ಎಂದಿದ್ದರೆ ನಮ್ಮ ಮನೆಯೂ ಕಂಪನಿಯ ಹೆಸರಿನಲ್ಲೇ ಉಳಿದು ಅವುಗಳ ಜೊತೆಗೇ ಹರಾಜಾಗುತ್ತಿತ್ತು. ನಿಮ್ಮ ಕಲ್ಲು ಮನಸ್ಸೇ ನಮ್ಮನ್ನು ಕಾಪಾಡಿತು. ಇದನ್ನು ನೆನೆದು ಎರಡು ದಿನದಿಂದ ಒಬ್ಬಳೇ ನಗುತ್ತಿದ್ದೇನೆ. ಕಚೇರಿಯಲ್ಲಿ ಎಲ್ಲರೂ ವಿಚಿತ್ರವಾಗಿ ನೋಡುತ್ತಾರೆ.

ನಿಮ್ಮ ವಕೀಲಳಾಗಬೇಕೆಂದು ಕೇಳಿದ್ದೀರಿ. ಇಂಥ ಕೇಸುಗಳೇ ನನ್ನ ಕಸುಬು, ನಿಜ. ಆ ಆಸ್ಪತ್ರೆಯ ವರಾಂಡದಲ್ಲೇ ಕಾನೂನು ಓದುತ್ತೇನೆಂದು ನಿರ್ಧರಿಸಿದ್ದೆ, ಅದೂ ನಿಮ್ಮ ಮುಖ ನೋಡಿಕೊಂಡೇ. ಆದರೆ ಬರಲಾರೆ. ವ್ಯವಹಾರ ಬೇರೆ, ನೆಂಟಸ್ತನ ಬೇರೆ.

ಬಿಸಿಲಿಗೆ ಟೋಪಿ ಹಾಕಿಕೊಳ್ಳಿ, ಆರೋಗ್ಯ ನೋಡಿಕೊಳ್ಳಿ. ನೀವು ಬಹಳ ಕಾಲ ಬದುಕಿರಬೇಕೆಂದು ಮನಸಾರೆ ಹಾರೈಸುತ್ತೇನೆ.

ನಿಮ್ಮ ಅಣ್ಣನ ಮಗಳು,
ಇಶ್ಬೆಲ್

ಮರೆತಿದ್ದೆ: ನಮ್ಮ ಮನೆಯ ಮೇಲಿನ ಕೋಣೆ ಖಾಲಿ ಇದ್ದರೆ ಬಂದು ಇರುತ್ತೇನೆ ಎಂದಿದ್ದಿರಿ. ಅಮ್ಮನಿಗೆ ಓದಿ ಹೇಳಿದೆ. ‘ಅವನೂ ಈ ಮನೇಲಿ ಉಂಡೋನೇ ಕಣೇ, ಭಾನುವಾರ ಸೂಪಿಗೆ ಬರ್ಲಿ ಬಿಡು’ ಎಂದಳು. ಹಾಗಾಗಿ ಸೂಪಿಗೆ ಬನ್ನಿ. ಕೋಣೆ ಮಾತ್ರ ಇಲ್ಲ. ಟೈಸ್ಟಿಯ ಬಾವಿ ಮುಚ್ಚಲು ಬಂದಿರುವ ಎಂಜಿನಿಯರಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಅವನ ವಾಸದ ಖರ್ಚೂ ಟೈಸ್ಟಿಯ ಲೆಕ್ಕಕ್ಕೇ ಸೇರುತ್ತದಂತೆ. ಅಂದರೆ ಅಮ್ಮನಿಗೆ ಇನ್ನು ತಿಂಗಳು ತಿಂಗಳು ಬಾಡಿಗೆ ಕೊಡುವವರು ನೀವೇ.