ತಿಂದ ಟಗರು ಹಾಯುವುದಿಲ್ಲ

5 ಫೆಬ್ರುವರಿ 2025, ಬುಧವಾರ. ಬೆಳಿಗ್ಗೆ

ಕಣದ ಸುತ್ತ ಕೂತ ಹಿರಿಯರೇ, ಬದುವಿನ ಮೇಲೆ ನಿಂತ ಕಿರಿಯರೇ, ಟ್ರೇಲರ್ ಏರಿದ ವೀರರೇ, ತಂಬಾಕು ತಿಕ್ಕುವ ಶೂರರೇ! ಇಂದಿನ ಟಕ್ಕರ್‌ನಲ್ಲಿ ಒಂದು ಕಡೆ ಕಬ್ಬೂರಿನ ಮಾಳೇಶ — ಕನ್ನಡ ಮಾಧ್ಯಮದ ಬಿ.ಎ., ಕುರಿ ಕಾಯುವುದರಲ್ಲಿ ಎಂ.ಎ., ನಲವತ್ತಾರರ ಪ್ರಾಯ, ಮೈಕ್ ಸಿಕ್ಕರೆ ಮೈಮರೆಯುವ ರಾಯ. ಇನ್ನೊಂದು ಕಡೆ ಅವನದೇ ಎಡಗಾಲು. ಸದ್ಯಕ್ಕೆ ಕಾಲಿನದೇ ಮೇಲುಗೈ. ಎರಡು ದಿಂಬಿನ ಮೇಲಿದೆ.

ಅನುಸೂಯಾ ಮುಖ ತೊಳೆಸಿ, ಚಹಾ ಕೊಟ್ಟು, ಕುರಿ ಬಿಡಲು ಹೋದಳು. ಹೆಂಡತಿ ಕುರಿ ಹಿಂದೆ, ಗಂಡ ದಿಂಬಿನ ಮುಂದೆ.

ಕಾಲಿಗೆ ಪ್ಲಾಸ್ಟರ್ ಇಲ್ಲ. ಸ್ಮಾರ್ಟ್ ಸ್ಪ್ಲಿಂಟ್ ಅಂತೆ. ಯಾವುದೋ ಕಂಪನಿ ಪರೀಕ್ಷೆಗೆಂದು ಚಿಕ್ಕೋಡಿಯ ದವಾಖಾನೆಗೆ ಕೊಟ್ಟದ್ದು. ಬಿಳಿ ಪ್ಲಾಸ್ಟಿಕ್ಕಿನ ಕಟ್ಟು, ಒಳಗೆ ಸೆನ್ಸರ್, ಮೊಣಕಾಲ ಕೆಳಗೆ ಒಂದು ದೀಪ. ಹಸಿರು ಅಂದರೆ ಕ್ಷೇಮ, ಹಳದಿ ಅಂದರೆ ಕಾಲು ಬಿಗಿದಿದೆ, ಕೆಂಪು ಅಂದರೆ ಪೆಟ್ಟು. ಅದಕ್ಕೇ ಸ್ವಂತ ಸಿಮ್ ಇದೆ. ಊರಲ್ಲಿ ಸ್ವಂತ ನಂಬರ್ ಇರುವ ಕಾಲು ನನ್ನದೊಂದೇ. ಕಾಲು ದಡ್ಡ, ಕಟ್ಟು ಶಾಣ್ಯಾ.

ಡಾಕ್ಟರ್ ಸ್ನೇಹಲ ಹೇಳಿದರು: "ಬಾವು ಏರಿದ್ರೂ, ಪೆಟ್ಟು ಬಿದ್ರೂ ನನ್ನ ಫೋನಿಗೆ ಬರತೈತ್ರಿ."

"ನನ್ನ ಹೆಣ್ತಿಗೂ ಒಂದು ಕಟ್ರಿ ಮೇಡಂ. ಸಿಟ್ಟು ಏರಿದ್ರ ನಂಗ ಗೊತ್ತಾಗ್ಲಿ."

"ನನ್ನ ಸಿಟ್ಟಿಗೆ ಸಿಮ್ ಬೇಕಾಗಿಲ್ಲ," ಎಂದಳು ಅನುಸೂಯಾ.

ಕಾಲು ಹೇಗೆ ಮುರಿಯಿತು? ಭಾನುವಾರ ಕಬ್ಬು ಕಡಿದ ಹೊಲದಲ್ಲಿ ಟಗರಿನ ಕಾಳಗ. ಮೈಕ್ ನನ್ನ ಕೈಯಲ್ಲಿ. ತಮ್ಮ ಹಾಲೇಶನ ಟಗರು ಸರ್ಜಾ, ಎದುರಿಗೆ ಐಗಳಿಯ ಟಗರು. ಹಣೆಗೆ ಹಣೆ ಬಡಿದ ಸದ್ದಿಗೆ ಗಿಡದ ಕಾಗೆ ಎದ್ದವು. ಕೊನೆಗೆ ಸರ್ಜಾ ಬೆನ್ನು ತಿರುಗಿಸಿತು. ಬೆನ್ನು ತೋರಿಸಿದ ಟಗರು ಸೋತಂತೆ. ಮೈಕಿನವನ ಮಾತೇ ಕೊನೆ. "ಐಗಳಿ ಗೆದ್ದಿತು, ಕಬ್ಬೂರು ಬಿದ್ದಿತು!" ಎಂದೆ. ಪ್ರಾಸ ಚೆನ್ನಾಗಿ ಕೂತಿತ್ತು. ಆಮೇಲೆ ಕಣದ ಆಚೆ, ಟ್ರೇಲರ್ ಮರೆಯಲ್ಲಿ... ಟಗರು ಹಾಯಿತು.

ಹೌದು, ಟಗರೇ. ದವಾಖಾನೆಯಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿಬಿಟ್ಟಳು: "ಟಗರು ಹಾಯ್ತ್ರಿ ಯವ್ವಾ." ಅವ್ವ ಹೇಳಿದ ಮೇಲೆ ಆಯಿತು. ಇಲ್ಲಿಯೂ ಹಾಗೆಯೇ ಬರೆದುಕೊಳ್ಳುತ್ತೇನೆ.

7 ಫೆಬ್ರುವರಿ, ಶುಕ್ರವಾರ. ಸಂಜೆ

ಅವ್ವ ಒಂದು ಮರೆತಿದ್ದಳು. ಊರ ಹಿರಿಯ ಅಣ್ಣಾಸಾಬ ಕಾಕಾ ಬಂದು ನೆನಪಿಸಿದ.

"ಹೊಳೆವ್ವ, ಮನುಷ್ಯಾನ ಎಲುಬು ಮುರದ ಟಗರನ್ನ ಕಟ್ಟಂಗಿಲ್ಲ, ಮಾರಂಗಿಲ್ಲ. ಕಡದು ಊರಿಗೆ ಊಟಾ ಹಾಕಬೇಕು. ನಿನ್ನ ಮಾವನ ಕಾಲದಾಗಿಂದ ನಡದು ಬಂದೈತಿ."

ಅವ್ವನ ಮುಖ ಬೂದಿ. ಹಾಲೇಶ ಕಂಬಕ್ಕೆ ಒರಗಿ ನಿಂತಿದ್ದ. ಸರ್ಜಾನಿಗೆ ಹಾಲು, ಮೊಟ್ಟೆ, ಕಡಲೆ ತಿನ್ನಿಸಿ ಮರಿಯಿಂದ ಬೆಳೆಸಿದವನು. ಮದುವೆಯಾಗದವನಿಗೆ ಮನೆ ಅಂದರೆ ಆ ಟಗರು. ಒಂದು ಮಾತು ಸಾಕಿತ್ತು. ಅವ್ವ ಆಡಬಹುದಿತ್ತು, ಅವನು ಆಡಬಹುದಿತ್ತು, ನಾನೂ. ಬಾಯಿ ಇದ್ದವರು ಮೂವರು. ಸೊಲ್ಲೆತ್ತಿದ್ದು ಹಿತ್ತಲ ಟಗರು.

ಕಾಕಾ ಹೋದ ಮೇಲೆ ಹಾಲೇಶ ನನ್ನ ಹಾಸಿಗೆ ಹತ್ತಿರ ಬಾಗಿದ.

"ಲೇ ಮಾಳ್ಯಾ, ಬಾಯಿ ಬಿಟ್ಟೀ ಅಂದ್ರ ಇನ್ನೊಂದು ಕಾಲೂ ಐತಿ ನೋಡು."

"ಅದಕ್ಕ ಸಿಮ್ ಇಲ್ಲಪಾ," ಎಂದೆ. ಅವನು ನಗಲಿಲ್ಲ.

ಅವನ ಮೇಲೆ ರಾಯಬಾಗದಲ್ಲಿ ಹೊಡೆದಾಟದ ಕೇಸು ಇನ್ನೂ ನಡೆದಿದೆ. ಮತ್ತೊಂದು ಬಿದ್ದರೆ ಒಳಗೆ. ಅವ್ವ ನನ್ನ ಪಾದ ಹಿಡಿದಳು, ಮುರಿಯದ ಪಾದ. "ನನ್ನ ಕಣ್ಣು ಮುಚ್ಚೂತನಕ ತಡಕೊ ಯಪ್ಪಾ."

9 ಫೆಬ್ರುವರಿ, ಭಾನುವಾರ

ಬೇರೆಯವರ ಕೈಗೆ ಕೊಡಲಿಲ್ಲ. ಹಾಲೇಶ ತಾನೇ ಕಡಿದ.

ಕಿಟಕಿಯಿಂದ ಕಂಡಿತು. ಅಂಗೈಯಲ್ಲಿ ಉಪ್ಪು ಹಿಡಿದು ಕರೆದ. ಸರ್ಜಾ ಬಂತು, ಕೈ ನೆಕ್ಕಿತು. ಮೊದಲ ಏಟು ತಪ್ಪಿತು — ಕೊಡಲಿ ಭುಜಕ್ಕೆ ಬಿತ್ತು. ಟಗರು ಮುಗ್ಗರಿಸಿ ಎದ್ದು, ಕತ್ತು ತೂಗುತ್ತ ಅವನ ಕಡೆಗೇ ಬಂತು. ಹಾಯಲಿಕ್ಕಲ್ಲ. ಬೇರೆ ಯಾರ ಹತ್ತಿರ ಹೋಗಬೇಕು ಅದು? ಎರಡನೆಯ ಏಟು. ಮತ್ತೊಂದು. ಸುಣ್ಣದ ಗೋಡೆಯ ಮೇಲೆ ರಕ್ತ ಸಿಡಿದು ಇಳಿಯಿತು. ಸತ್ತ ಮೇಲೂ ಹೊಡೆಯುತ್ತಿದ್ದ. ಅಣ್ಣಾಸಾಬ ಕಾಕಾ ಹಿಂದಿನಿಂದ ತೆಕ್ಕೆ ಹಾಕಿ ಬಿಡಿಸಿದ.

ನನ್ನ ದೀಪ ಹಳದಿ. ಯಾರೂ ಮುಟ್ಟಿರಲಿಲ್ಲ. ಫೋನ್ ಬಂತು.

"ಕಾಲು ಯಾಕ ಅಷ್ಟು ಬಿಗದೈತ್ರಿ ಮಾಳೇಶವ್ರ? ನೋವು ಐತೇನು?"

"ನೋವು ಕೊಟ್ಟ ಟಗರು ಕಡದ್ವಿ ಮೇಡಂ. ಊರೆಲ್ಲಾ ಉಣ್ಣಾಕ ಕುಂತೈತಿ. ನೀವೂ ಬರ್ರಿ."

ಎಲ್ಲರೂ ಉಂಡರು. ನನ್ನ ತಾಟಿಗೂ ಬಿತ್ತು. ರೊಟ್ಟಿಯಲ್ಲಿ ಮುಚ್ಚಿಟ್ಟೆ. ಆಮೇಲೆ... ತಿಂದೆ. ಪ್ರಾಸ ಹೊಳೆಯಲಿಲ್ಲ.

17 ಫೆಬ್ರುವರಿ, ಸೋಮವಾರ. ಮಧ್ಯಾಹ್ನ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಇರಲಿಲ್ಲ. ಇಂದು ಇದೆ.

ಹಾಲೇಶ ಬೆಳಿಗ್ಗೆಯೇ ಕುಡಿದು ಬಂದ. ಒಂದು ಕೈಯಲ್ಲಿ ಸರ್ಜಾನ ಕೊರಳಿನ ಗೆಜ್ಜೆಪಟ್ಟಿ, ಇನ್ನೊಂದರಲ್ಲಿ ಅದನ್ನು ಕಟ್ಟುತ್ತಿದ್ದ ಗೂಟ.

"ಮೈಕ್ ಹಿಡದು ನನ್ನ ಮಾನಾ ತಗದಿ. ನನ್ನ ಟಗರು ತಿಂದಿ. ಹೆಂಗಿತ್ತಲೇ, ರುಚಿ?"

"ಉಪ್ಪು ಕಮ್ಮಿ," ಎಂದೆ. ಹಾಳು ನಾಲಿಗೆ.

ಗೂಟ ಕಟ್ಟಿನ ಮೇಲೆ ಬಿತ್ತು. ಒಳಗೆ ಹಸಿ ಕಬ್ಬು ಲಟಕ್ಕೆಂದಂತೆ. ಅರಚಿದೆನೋ ಇಲ್ಲವೋ ಗೊತ್ತಿಲ್ಲ; ಅನುಸೂಯಾ ಹೇಳುತ್ತಾಳೆ, ಕುರಿಗಳೆಲ್ಲ ಎದ್ದು ನಿಂತವಂತೆ. ಅವಳು ನಡುವೆ ಬಂದಳು, ಅವಳನ್ನು ಗೋಡೆಗೆ ನೂಕಿ ಹೋದ. ಕೆಂಪು ದೀಪ. ನೋವಿನ ಅಲೆ ಇಳಿಯುವ ಮೊದಲೇ ಫೋನ್.

"ಏನಾತ್ರಿ ಮಾಳೇಶವ್ರ? ದೊಡ್ಡ ಪೆಟ್ಟು ತೋರಿಸಾಕತ್ತೈತಿ!"

ಬಾಯಿಗೆ ರೂಢಿಯಾಗಿದ್ದು ಬಂದೇಬಿಟ್ಟಿತು. "ಟಗರು ಹಾಯ್ತ್ರಿ ಮೇಡಂ."

ಆ ಕಡೆಯಿಂದ ಮೆಲ್ಲಗೆ: "ತಿಂದ ಟಗರು ಹೆಂಗ ಹಾಯತೈತ್ರಿ?"

ಅನುಸೂಯಾ ನಕ್ಕುಬಿಟ್ಟಳು. ನಗುತ್ತ ನಗುತ್ತ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

18 ಫೆಬ್ರುವರಿ, ಮಂಗಳವಾರ

ಚಿಕ್ಕೋಡಿಗೆ ಹೋಗಿ ಬಂದೆವು. ಎಲುಬು ಸರಿದಿದೆ. ಡಾಕ್ಟರ್ ಎಳೆದು ಕೂಡಿಸಿದರು. ಹಲ್ಲಿನ ನಡುವೆ ಬಟ್ಟೆ ಕೊಟ್ಟಿದ್ದರು, ಅದನ್ನು ಕಚ್ಚಿ ಹರಿದೆ.

ಆಮೇಲೆ ಫೋನಿನಲ್ಲಿ ಗೆರೆ ತೋರಿಸಿದರು. ನೆಟ್ಟಗೆ ನಿಂತ ಸೂಜಿಯಂಥ ಗೆರೆ. "ಬಿದ್ರ ಹಿಂಗ ಬರಂಗಿಲ್ರಿ. ಇದು ಬಡದದ್ದು. ಯಾರು?"

ಅವ್ವ ಹಿಂದಿನಿಂದ ನನ್ನ ಅಂಗಿಯ ಚುಂಗು ಜಗ್ಗಿದಳು.

"ಹೊಸ್ತಿಲಾ ಎಡವಿದೆ ಮೇಡಂ."

"ಆತು. ಇನ್ನೊಂದು ಸಲ ಹಿಂಗ ಕೆಂಪು ಬಂತಂದ್ರ ನಿಮ್ಮನ್ನ ಕೇಳಂಗಿಲ್ಲ. ಸೀದಾ ಪೊಲೀಸರನ್ನ ನಿಮ್ಮ ಮನಿಗೆ ಕಳಸ್ತೀನಿ. ಮತ್ತ ಇದೂ ಕೇಳ್ರಿ, ಎಲುಬು ಇನ್ನೊಮ್ಮೆ ಸರೀತಂದ್ರ ಕುರಿ ಹಿಂದ ನಡ್ಯೂದು ಮರತಬಿಡ್ರಿ."

ಬಸ್ಸಿನಲ್ಲಿ ಅನುಸೂಯಾ ಕಿಟಕಿ ಕಡೆ ಮುಖ ಮಾಡಿಕೊಂಡೇ ಕೂತಳು. ಊರು ಹತ್ತಿರ ಬಂದಾಗ ಒಂದೇ ಮಾತು: "ಮೈಕಿನ್ಯಾಗಷ್ಟ ಏನ್ರೀ ನಿಮ್ಮ ಖರೇ ಮಾತು?"

24 ಫೆಬ್ರುವರಿ, ಸೋಮವಾರ. ಸಂಜೆ

ಕಟ್ಟು ಚಾಡಿ ಹೇಳುತ್ತದೆ ಎಂದು ಹಾಲೇಶನಿಗೆ ಗೊತ್ತಾಗಿದೆ. ಅವ್ವನೇ ಹೇಳಿದಳು, ಹೆದರಿ ಬಿಟ್ಟಾನು ಎಂದು. ಅವನು ಬಿಟ್ಟದ್ದು ನನ್ನನ್ನು ಮಾತ್ರ. ಕಟ್ಟು ಶಾಣ್ಯಾ, ತಮ್ಮ ಅದಕ್ಕಿಂತ ಶಾಣ್ಯಾ.

ಇಂದು ಹಟ್ಟಿಯಲ್ಲಿ ಅನುಸೂಯಾಳನ್ನು ಹಿಡಿದ. "ಡಾಕ್ಟರ್ ಮುಂದ ಬಾಯಿ ಬಿಡಾಕ ಹೊಂಟಾಕಿ ನೀನ ಹೌದಿಲ್ಲೋ?" ಗೆಜ್ಜೆಪಟ್ಟಿ ಕೈಗೆ ಸುತ್ತಿಕೊಂಡು ಮುಖಕ್ಕೆ ಹೊಡೆದ. ತುಟಿ ಸೀಳಿ ಹಲ್ಲು ಕಾಣುತ್ತಿತ್ತು. ಕೈ ತಿರುವಿದ. ಪ್ರತಿ ಏಟಿಗೂ ಗೆಜ್ಜೆ ಘಲ್ ಎನ್ನುವುದು ಇಲ್ಲಿಗೆ ಕೇಳುತ್ತಿತ್ತು. ಎದ್ದೆ, ಬಿದ್ದೆ. ತೆವಳಿ ಹೊಸ್ತಿಲ ತನಕ ಹೋಗುವಷ್ಟರಲ್ಲಿ ಮುಗಿದಿತ್ತು. ಒಳಗೆ ಬಂದು ನನ್ನ ಫೋನನ್ನೂ ಅವಳದನ್ನೂ ಒರಳಿನಲ್ಲಿ ಹಾಕಿ ಗುಂಡುಕಲ್ಲಿನಿಂದ ಜಜ್ಜಿದ. ಚಟ್ನಿ ಅರೆಯುವ ಹಾಗೆ, ನಿಧಾನವಾಗಿ.

ಹಳದಿ ಮಿನುಗಿದ ನನ್ನ ದೀಪ ಮತ್ತೆ ಹಸಿರು. ಅವಳ ಕೈಯಲ್ಲೂ ಹಸಿರು, ಬಳೆ. ಒಡೆದು ಮಾಂಸದೊಳಗೆ ಹೋಗಿದ್ದವು. ಒಂದೊಂದೇ ಚೂರು ತೆಗೆದೆ. ಅವಳ ಪೆಟ್ಟು ಯಾರ ಫೋನಿಗೂ ಹೋಗಲಿಲ್ಲ.

"ಅಳಬ್ಯಾಡ್ರಿ," ಎಂದಳು, ಸೀಳಿದ ತುಟಿಯಲ್ಲಿ. "ಬೆಳಿಗ್ಗೆ ಕುರಿ ಬಿಡಬೇಕು."

25 ಫೆಬ್ರುವರಿ, ಮಂಗಳವಾರ. ಮಧ್ಯಾಹ್ನ

ಕಣದ ಸುತ್ತ ಕೂತ ಹಿರಿಯರೇ, ಬದುವಿನ ಮೇಲೆ ನಿಂತ...

ಹಾಲೇಶ ಅವ್ವನನ್ನು ಬೆಳಿಗ್ಗೆ ಬೇಡಕಿಹಾಳದ ಅಕ್ಕನ ಮನೆಗೆ ಬಸ್ ಹತ್ತಿಸಿ ಬಂದಿದ್ದಾನೆ. ಬಾಗಿಲಿಗೆ ಹೊರಗಿನಿಂದ ಚಿಲಕ. ಅಂಗಳದಲ್ಲಿ ಕೂತು ಕೊಡಲಿ ಮಸೆಯುತ್ತಿದ್ದಾನೆ, ಸರ್ಜಾನನ್ನು ಕಡಿದದ್ದೇ. ಕಿಟಕಿಯಿಂದ ಕೂಗಿದೆ. ತಲೆ ಎತ್ತದೆ ಹೇಳಿದ:

"ವೈನಿ ಬರ್ಲಿ, ನಿನ್ನ ಹೆಣ್ತಿ. ಹೊತ್ತು ಮುಳುಗೂದರಾಗ ಬರ್ತಾಳಲ್ಲ. ನನ್ನ ಮನ್ಯಾಗಿಂದು ಒಂದು ಹೋತು. ನಿನ್ನ ಮನ್ಯಾಗಿಂದೂ ಒಂದು ಹೋಗ್ಲಿ. ಆಮ್ಯಾಲ ಮೈಕ್ ಹಿಡದು ಹೇಳು, ಯಾರು ಗೆದ್ರಂತ."

ಅವನು ಕುಡಿದಿಲ್ಲ. ಅದೇ ಭಯ.

ಎರಡು ಸಲ ಅರಚಿದೆ. ಈ ಹೊತ್ತಿನಲ್ಲಿ ಎಲ್ಲರೂ ಕಬ್ಬಿನಲ್ಲಿ. ಕಿಟಕಿಗೆ ಸರಳು. ಅನುಸೂಯಾ ಕುರಿಗಳೊಂದಿಗೆ ಬರುತ್ತಾಳೆ, ಕೊರಳಗಂಟೆ ಕೇಳುತ್ತದೆ, ಬಾಗಿಲು ತೆರೆಯಲು ಬಾಗುತ್ತಾಳೆ.

ಹಿರಿಯರಿಲ್ಲ, ಕಿರಿಯರಿಲ್ಲ. ಕಣವೂ ಇಲ್ಲ. ಯಾರೂ ಇಲ್ಲ. ಟಗರು ನನ್ನನ್ನು ಹಾಯಲಿಲ್ಲ. ಟ್ರೇಲರ್ ಮರೆಯಲ್ಲಿ ಹಾಲೇಶ ಹೊಡೆದ, ಕಬ್ಬಿಣದ ಹಾರೆಯಿಂದ. ಹಾಸಿಗೆಯಲ್ಲೂ ಅವನೇ ಹೊಡೆದ. ಸರ್ಜಾ ಬೆನ್ನು ತಿರುಗಿಸಿದ್ದು ಒಂದೇ ಸಲ. ನಾನು ದಿನವೂ. ತಮಾಷೆಯೆಲ್ಲ ಹೆದರಿಕೆ. ಮೊದಲಿನಿಂದಲೂ.

ಒರಳಿನ ತನಕ ತೆವಳಿ ಬಂದಿದ್ದೇನೆ. ಗುಂಡುಕಲ್ಲು ಮಗ್ಗುಲಲ್ಲೇ ಇದೆ. ಕಾಲು ಚಾಚಿದೆ. ಒಂದು ಸಲ ಮೆಲ್ಲಗೆ ಹೊಡೆದು ನೋಡಿದೆ — ಹಳದಿ. ಹಳದಿಗೆ ಫೋನ್ ಮಾತ್ರ ಮಾಡುತ್ತಾರೆ, ಆ ಫೋನು ಒರಳಿನಲ್ಲಿದೆ. ಕೆಂಪೇ ಬರಬೇಕು. ಚಿಕ್ಕೋಡಿಯಿಂದ ಪೊಲೀಸ್ ಜೀಪು ಬರಲು ಹೊತ್ತಿದೆ, ಈಗಲೇ ಹೊಡೆದರೆ.

ಕಲ್ಲು ಭಾರ. ಒಂದು ಕೈಗೆ ಏಳುತ್ತಿಲ್ಲ. ಎರಡೂ ಕೈ ಬೇಕು. ಪೆನ್ನು